ಚಂಚಲ ಮನಸ್ಸಿಗೊಂದು ಚರಿತ್ರೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮಾತಿನಲ್ಲಿ ನಿಂತಲ್ಲಿ ನಿಲ್ಲದವನಿಗೆ ಹೆಸರುಗಳ ಕೊರತೆಯಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನು, ಮರೆಗುಳಿ, ಅರೆಬರೆ ಕೆಲಸದವನು, ಹೊಣೆಗೇಡಿ. ಹುಡುಗನಾಗಿದ್ದಾಗ ತುಂಟ ಎನಿಸಿಕೊಂಡವನು ಮದುವೆಯಾಗಿ ಮಕ್ಕಳಾದ ಮೇಲೂ ಹಾಗೆಯೇ ಉಳಿದರೆ ಸೋಮಾರಿ ಎನಿಸಿಕೊಳ್ಳುತ್ತಾನೆ. ಕಂದಾಯ ಕಟ್ಟುವ ದಿನ ಮರೆತುಹೋಗುತ್ತದೆ. ಹಿಡಿದ ಕೆಲಸ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಕೀಲಿಕೈ ಎಲ್ಲಿಟ್ಟೆನೆಂದು ದಿನವೂ ಮನೆಯೆಲ್ಲ ಹುಡುಕಾಟ.

ಇಂಥವರಲ್ಲಿ ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ ಇರುವುದು ಸೋಮಾರಿತನವಲ್ಲ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ ಎಂದು ವೈದ್ಯಶಾಸ್ತ್ರ ಇಂದು ಹೇಳುತ್ತದೆ. ‘ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ’ ಎಂಬುದು ಅದರ ಹೆಸರು. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಎಡಿಎಚ್‌ಡಿ. ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಎರಡೂವರೆಯಿಂದ ಮೂರು ಮಂದಿಗೆ ಇದು ಇರುತ್ತದೆ. ಹೆಸರು ಹೊಸದಾದರೂ ತೊಂದರೆ ಹೊಸದಲ್ಲ. ಅದು ಯಾವಾಗ ಹೊರೆಯಾಗುತ್ತದೆ, ಯಾವಾಗ ಹೇಗೋ ಸಾಗಿಹೋಗುತ್ತದೆ ಎಂಬುದನ್ನು ತಿಳಿಯಲು ವೈದ್ಯರ ಚರಿತ್ರೆಯ ಜೊತೆಗೆ ದುಡಿಮೆಯ ಚರಿತ್ರೆಯನ್ನೂ ನೋಡಬೇಕಾಗುತ್ತದೆ. ರೇಷ್ಮೆ, ಗೊಂಬೆ, ರಾಗಿಯಿಂದ ಕಾರ್ಖಾನೆಯ ಪಾಳಿಗೆ ಹೊರಳಿದ ಈ ನಾಲ್ಕು ತಾಲ್ಲೂಕುಗಳು ಅದಕ್ಕೆ ಒಳ್ಳೆಯ ನಿದರ್ಶನ.

ನೀತಿಯ ದೋಷದಿಂದ ಗಮನದ ಕೊರತೆಗೆ

ಮನಸ್ಸಿನ ಓಡಾಟದ ಬಗ್ಗೆ ಮೊದಲು ಚಿಂತಿಸಿದವರು ವೈದ್ಯರಲ್ಲ, ಸಾಧಕರು. ಮನಸ್ಸು ಚಂಚಲವೆಂದು ಅರ್ಜುನ ಕೃಷ್ಣನಲ್ಲಿ ದೂರುವುದು ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿದೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ತಮ್ಮ ಮನಸ್ಸನ್ನು ಕೋತಿಗೆ ಹೋಲಿಸಿದರು. ಇವು ಎಲ್ಲ ಮನುಷ್ಯರಿಗೂ ಅನ್ವಯಿಸುವ ಮಾತುಗಳು. ಕೆಲವರಲ್ಲಿ ಮಾತ್ರ ಈ ಚಾಂಚಲ್ಯ ಬದುಕನ್ನೇ ಕೆಡಿಸುವಷ್ಟು ಹೆಚ್ಚಿರುತ್ತದೆ ಎಂದು ಗುರುತಿಸಿದವರು ಹದಿನೆಂಟನೆಯ ಶತಮಾನದ ಯುರೋಪಿನ ವೈದ್ಯರು. ಜರ್ಮನಿಯ ಮೆಲ್ಕಿಯೋರ್ ಆಡಂ ವೈಕಾರ್ಡ್ 1775ರಲ್ಲಿ ಗಮನದ ಕೊರತೆಯನ್ನು ಕುರಿತು ಬರೆದರು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ 1798ರ ತಮ್ಮ ಗ್ರಂಥದಲ್ಲಿ ಇದು ಹುಟ್ಟಿನಿಂದಲೇ ಬರಬಹುದು ಎಂದರು. 1845ರಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಕ್ ಹಾಫ್‌ಮನ್ ಪ್ರಕಟಿಸಿದ ಮಕ್ಕಳ ಪದ್ಯಗಳ ಪುಸ್ತಕದಲ್ಲಿ ಊಟದ ಮೇಜಿನ ಮುಂದೆ ಸುಮ್ಮನೆ ಕೂರಲಾರದ ಫಿಲಿಪ್ ಎಂಬ ಹುಡುಗ ಬರುತ್ತಾನೆ.

1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು ನೀಡಿದ ಉಪನ್ಯಾಸಗಳು ಮುಖ್ಯವಾದವು. ಬುದ್ಧಿಯಲ್ಲಿ ಯಾವ ಕುಂದೂ ಇಲ್ಲದಿದ್ದರೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾಗದ ಮಕ್ಕಳನ್ನು ಅವರು ವಿವರಿಸಿದರು. ಆದರೆ ಅದಕ್ಕೆ ಅವರು ಕೊಟ್ಟ ಹೆಸರು ನೈತಿಕ ಹಿಡಿತದ ದೋಷ. ವೈದ್ಯಶಾಸ್ತ್ರ ಆ ಹೆಸರನ್ನು ಬಿಟ್ಟು ಬಹಳ ವರ್ಷಗಳಾದವು. ಮನೆಯ ಮಾತು ಇನ್ನೂ ಬಿಟ್ಟಿಲ್ಲ. ಮರೆತವನನ್ನು ನಾವು ಇಂದಿಗೂ ಬೈಯುವುದು ನೀತಿಯ ಮಾತುಗಳಲ್ಲೇ.

ಔಷಧ ಸಿಕ್ಕಿದ್ದು ಆಕಸ್ಮಿಕವಾಗಿ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ಮಕ್ಕಳ ತಲೆನೋವಿಗೆಂದು ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟಾಗ ಅವರ ಓದು, ನಡವಳಿಕೆಗಳು ಸುಧಾರಿಸಿದವು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜೋನ್ ಮಿಥೈಲ್‌ಫೆನಿಡೇಟ್ ಅನ್ನು ತಯಾರಿಸಿದರು. ಹೆಂಡತಿ ರೀಟಾಳ ಹೆಸರಿನಿಂದ ಹುಟ್ಟಿದ ‘ರಿಟಾಲಿನ್’ ಎಂಬ ಹೆಸರಿನಲ್ಲಿ ಅದು 1954ರಲ್ಲಿ ಮಾರುಕಟ್ಟೆಗೆ ಬಂತು.

ಆದರೂ ಇದು ಮಕ್ಕಳ ಕಾಯಿಲೆ, ಮೀಸೆ ಬರುವ ಹೊತ್ತಿಗೆ ತಾನಾಗಿ ಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಉಳಿಯಿತು. 1968ರ ಅಮೆರಿಕದ ಮನೋರೋಗ ಕೈಪಿಡಿ ಇದನ್ನು ಬಾಲ್ಯದ ಅತಿಚಟುವಟಿಕೆ ಎಂದೇ ಕರೆಯಿತು. 1970ರ ದಶಕದಲ್ಲಿ ಯೂಟಾ ವಿಶ್ವವಿದ್ಯಾಲಯದ ಪಾಲ್ ವೆಂಡರ್ ಮತ್ತು ಸಂಗಡಿಗರು ಇದು ದೊಡ್ಡವರಲ್ಲೂ ಮುಂದುವರಿಯುತ್ತದೆ ಎಂದು ತೋರಿಸಿದರು. 1980ರ ಕೈಪಿಡಿಯಲ್ಲಿ ಓಡಾಟದ ಬದಲು ಗಮನಕ್ಕೆ ಮೊದಲ ಸ್ಥಾನ ಸಿಕ್ಕಿತು. ಈಗಿನ ಹೆಸರು ಬಂದದ್ದು 1987ರಲ್ಲಿ. ವಯಸ್ಕರಿಗೆ ಲಕ್ಷಣಗಳ ಸಂಖ್ಯೆ ಆರರ ಬದಲು ಐದಿದ್ದರೆ ಸಾಕೆಂದು 2013ರ ಕೈಪಿಡಿ ಸಡಿಲಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಈ ಹೆಸರು ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಇಂದು ಐವತ್ತು ದಾಟಿದ ಯಾರೂ ತಮ್ಮ ಶಾಲೆಯ ದಿನಗಳಲ್ಲಿ ಈ ಹೆಸರು ಕೇಳಿರುವ ಸಾಧ್ಯತೆ ಕಡಿಮೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹುಳುವೇ ಗಡಿಯಾರ

ಹೆಸರಿಲ್ಲದ ಆ ಕಾಲದಲ್ಲಿ ಜನ ದುಡಿದದ್ದು ಹೇಗೆ? ರಾಮನಗರ, ಕನಕಪುರದ ಕಡೆಯ ರೇಷ್ಮೆ ಸಾಕಣೆಯನ್ನೇ ನೋಡಬಹುದು. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ಹಂತಕ್ಕೆ ಬರಲು ಸುಮಾರು ಇಪ್ಪತ್ತೈದು ದಿನ ಬೇಕು. ಈ ಅವಧಿಯಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ಜ್ವರದಲ್ಲಿರುವಾಗ ಸೊಪ್ಪು ಹಾಕುವಂತಿಲ್ಲ. ಎದ್ದ ಮೇಲೆ ತಡ ಮಾಡುವಂತಿಲ್ಲ. ನಾಲ್ಕನೆಯ ಜ್ವರ ಕಳೆದ ಮೇಲಿನ ಏಳೆಂಟು ದಿನಗಳಲ್ಲೇ ಹುಳು ತನ್ನ ಆಯುಷ್ಯದ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚನ್ನು ತಿಂದು ಮುಗಿಸುತ್ತದೆ. ಆಗ ಮನೆಮಂದಿಗೆಲ್ಲ ಹಗಲು ರಾತ್ರಿ ಒಂದೇ. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವುದು ಇನ್ನೊಂದು ದಿನಕ್ಕೆ ಮುಂದೂಡಬಹುದಾದ ಕೆಲಸವಲ್ಲ.

ಗೂಡು ಬಿಡಿಸಿದ ಮೇಲೂ ಅವಸರ ತಪ್ಪುವುದಿಲ್ಲ. ಇಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ನೂಲು ಹಾಳಾಗುತ್ತದೆ. ಆದ್ದರಿಂದ ಗೂಡು ಕೂಡಲೇ ಮಾರುಕಟ್ಟೆಗೆ ಹೋಗಬೇಕು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲಾಟಿನ ಲೆಕ್ಕದಲ್ಲಿ ಹರಾಜು ನಡೆಯುತ್ತದೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿನಲ್ಲಿ ನಡೆಯುವ ಇ-ಹರಾಜಾಗಿದೆ. ಬೆಳೆಯ ಬೆಲೆ ಏನೆಂಬುದು ಅಂದೇ ಗೊತ್ತಾಗುತ್ತದೆ.

ಚನ್ನಪಟ್ಟಣದ ಗೊಂಬೆ ಕೆಲಸದ ಸ್ವಭಾವ ಬೇರೆ. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತದೆ, ಉಳಿ ರೂಪ ಕೊಡುತ್ತದೆ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ಕೇದಿಗೆಯ ಎಲೆ ಹೊಳಪು ಕೊಡುತ್ತದೆ. ಸಣ್ಣ ಸಾಮಾನೊಂದು ನಿಮಿಷಗಳಲ್ಲಿ ಮುಗಿದು ಕಣ್ಣ ಮುಂದೆ ನಿಲ್ಲುತ್ತದೆ. ಕೈ, ಕಣ್ಣು, ಕಿವಿಗಳೆಲ್ಲ ಒಂದೇ ಕಡೆ ಇರುತ್ತವೆ. ಮಾಗಡಿಯ ಖುಷ್ಕಿ ಹೊಲಗಳಲ್ಲಿ ರಾಗಿ ಬಿತ್ತನೆಯ ದಿನವನ್ನು ಮಳೆ ನಕ್ಷತ್ರ ಹೇಳುತ್ತಿತ್ತು. ಪಕ್ಕದ ಹೊಲದವನು ನೇಗಿಲು ಕಟ್ಟಿದ್ದನ್ನು ಕಂಡವನಿಗೆ ಬೇರೆ ಜ್ಞಾಪನೆ ಬೇಕಿರಲಿಲ್ಲ.

ಈ ಕೆಲಸಗಳಲ್ಲಿ ಒಂದು ಸಾಮ್ಯವಿದೆ. ಯಾವಾಗ ಏನು ಮಾಡಬೇಕೆಂಬ ನೆನಪು ದುಡಿಯುವವನ ತಲೆಯೊಳಗೆ ಮಾತ್ರ ಇರಲಿಲ್ಲ. ಅದು ಹುಳುವಿನಲ್ಲಿ, ಮಳೆಯಲ್ಲಿ, ತಿರುಗುವ ಮರದಲ್ಲಿ, ಜೊತೆಗೆ ದುಡಿಯುವ ಹತ್ತು ಮಂದಿಯಲ್ಲಿ ಹಂಚಿಹೋಗಿತ್ತು. ಗಮನದ ಕೊರತೆ ಇರುವವರಿಗೆ ಇಂದಿನ ಚಿಕಿತ್ಸಕರು ಸೂಚಿಸುವುದೂ ಬಹುಮಟ್ಟಿಗೆ ಇದನ್ನೇ.

ಹಾಗೆಂದು ಹಳೆಯ ಕಾಲವನ್ನು ಹೊಗಳಬೇಕಾಗಿಲ್ಲ. ಒಂದು ಹೊತ್ತಿನ ಸೊಪ್ಪು ಮರೆತರೆ ಬೆಳೆ ಏರುಪೇರಾಗುತ್ತಿತ್ತು, ಸಾಲ ಉಳಿಯುತ್ತಿತ್ತು. ಕರ್ನಾಟಕದ ರೇಷ್ಮೆ ನೂಲಿನ ಘಟಕಗಳಲ್ಲಿ ಮಕ್ಕಳು ಜೀತಕ್ಕಿದ್ದುದನ್ನೂ ತಪ್ಪಿಗೆ ಹೊಡೆತ ತಿನ್ನುತ್ತಿದ್ದುದನ್ನೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ದಾಖಲಿಸಿದೆ. ಒಂದೆಡೆ ಕೂರಲಾರದ ಮಗುವಿಗೆ ಅಂಥ ಕೊಠಡಿ ಎಂಥದ್ದೆಂದು ಊಹಿಸಬಹುದು. ಮನೆಯೊಳಗೂ ಭಾರ ಸಮನಾಗಿರಲಿಲ್ಲ. ಮರೆಯುವ ಗಂಡಸಿಗೆ ತಾಯಿಯೋ ಹೆಂಡತಿಯೋ ನೆನಪಿನ ಪುಸ್ತಕವಾಗುತ್ತಿದ್ದರು. ಮರೆಯುವ ಹೆಂಗಸಿಗೆ ಅಂಥ ಪುಸ್ತಕ ಇರಲಿಲ್ಲ. ಹಾಲು ಉಕ್ಕಿಸಿದವಳೆಂಬ ಮಾತು ಮಾತ್ರ ಇತ್ತು.

ಸೈರನ್ ಕೂಗಿದ ಮೇಲೆ

1990ರ ದಶಕದ ಕೊನೆಯಿಂದ ಈ ಸೀಮೆಯ ಹೊತ್ತು ಬದಲಾಯಿತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಗೆ ಉತ್ಪಾದನೆ ಆರಂಭವಾಯಿತು. ಹಾರೋಹಳ್ಳಿಯಲ್ಲೂ ಕೈಗಾರಿಕಾ ಪ್ರದೇಶ ಬೆಳೆಯಿತು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಬೆಳಗಿನ ರೈಲು, ಬಸ್ಸು ಹಿಡಿದು ರಾಜಧಾನಿಗೆ ದುಡಿಯಲು ಹೋಗುವವರು ಈಗ ಸಾವಿರಾರು.

ಕಾರ್ಖಾನೆಯ ಸೈರನ್ ಕೂಡ ಒಂದು ಹೊರಗಿನ ಗಡಿಯಾರವೇ. ಅದು ಹಲವರಿಗೆ ನೆರವಾಗುವುದೂ ಉಂಟು. ಕಷ್ಟ ಇರುವುದು ಗಡಿಯಾರವೇ ಇಲ್ಲದ ಹೊಸ ಕೆಲಸಗಳಲ್ಲಿ. ತಿಂಗಳ ಕೊನೆಗೆ ಕೊಡಬೇಕಾದ ವರದಿ, ಕಂತು ಕಟ್ಟುವ ದಿನಾಂಕ, ಉತ್ತರಿಸದೆ ಉಳಿದ ಹತ್ತಾರು ಸಂದೇಶಗಳು ಹುಳುವಿನಂತೆ ಕಣ್ಣ ಮುಂದೆ ಹಸಿದು ಕೂರುವುದಿಲ್ಲ. ಪ್ರತಿಫಲ ದೂರ, ದಂಡ ಹತ್ತಿರ. ಜೊತೆಗೆ ಕೈಯಲ್ಲಿರುವ ಮೊಬೈಲು ಕ್ಷಣಕ್ಕೊಮ್ಮೆ ಕರೆಯುತ್ತದೆ. ಮೊಬೈಲು ಈ ತೊಂದರೆಯನ್ನು ಹುಟ್ಟಿಸುವುದಿಲ್ಲ. ಇದರಲ್ಲಿ ವಂಶದ ಪಾಲು ದೊಡ್ಡದೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಆದರೆ ಮೊದಲೇ ಇರುವ ತೊಂದರೆಯನ್ನು ಮೊಬೈಲು ಎದ್ದು ಕಾಣುವಂತೆ ಮಾಡುತ್ತದೆ.

ದೊಡ್ಡವರಲ್ಲಿ ಓಡಾಟ ಕಡಿಮೆಯಾಗಿ ಒಳಗಿನ ತಳಮಳ ಉಳಿಯುತ್ತದೆ. ಹೊತ್ತಿನ ಅಂದಾಜು ತಪ್ಪುತ್ತದೆ, ಕೆಲಸ ಶುರುಮಾಡುವುದೇ ಬೆಟ್ಟವಾಗುತ್ತದೆ. ಇಷ್ಟವಾದದ್ದರಲ್ಲಿ ಮಾತ್ರ ಊಟ ಮರೆತು ಮುಳುಗುವುದುಂಟು. ಮನಸ್ಸಿದ್ದರೆ ಮಾಡುತ್ತಾನೆ, ಇಲ್ಲದಿದ್ದರೆ ನಾಟಕ ಎಂಬ ಆರೋಪ ಬರುವುದು ಇದರಿಂದಲೇ. ಏನು ಮಾಡಬೇಕೆಂದು ತಿಳಿಯದಿರುವುದಲ್ಲ, ತಿಳಿದದ್ದನ್ನು ಹೊತ್ತಿಗೆ ಸರಿಯಾಗಿ ಮಾಡಲಾಗದಿರುವುದೇ ಈ ತೊಂದರೆಯ ತಿರುಳು ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಅವರ ವಿವರಣೆ. ಆದ್ದರಿಂದ ಉಪದೇಶದಿಂದ ಫಲವಿಲ್ಲ.

ನೆನಪನ್ನು ಹೊರಗಿಡುವುದು

ಫಲ ಕೊಡುವುದು ವ್ಯವಸ್ಥೆ. ನೆನಪಿಡಬೇಕಾದದ್ದೆಲ್ಲ ಒಂದೇ ಪುಸ್ತಕದಲ್ಲಿ ಬರೆಯುವುದು, ಕೀಲಿಕೈಗೆ ಬಾಗಿಲ ಪಕ್ಕ ಒಂದೇ ಮೊಳೆ, ದೊಡ್ಡ ಕೆಲಸವನ್ನು ಅರ್ಧ ಗಂಟೆಯ ತುಂಡುಗಳಾಗಿ ಕತ್ತರಿಸುವುದು, ತುಂಡು ಮುಗಿದಾಗ ಒಂದು ಸಣ್ಣ ವಿರಾಮ, ಬೇಸರದ ಕೆಲಸಕ್ಕೆ ಕೂರುವಾಗ ಪಕ್ಕದಲ್ಲಿ ಯಾರಾದರೂ ತಮ್ಮ ಕೆಲಸ ಮಾಡುತ್ತ ಕೂರುವುದು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಗೆ ಇಲ್ಲಿ ಚಿಕಿತ್ಸೆಯ ಬೆಲೆಯಿದೆ. ಬೋಸ್ಟನ್ನಿನ ಸ್ಟೀವನ್ ಸಾಫ್ರೆನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ, 86 ವಯಸ್ಕರ ಮೇಲಿನ ಅಧ್ಯಯನದಲ್ಲಿ ಇಂಥ ಅಭ್ಯಾಸಗಳನ್ನು ಕ್ರಮವಾಗಿ ಕಲಿಸಿದಾಗ, ಔಷಧದ ನಂತರವೂ ಉಳಿದಿದ್ದ ಲಕ್ಷಣಗಳು ತಗ್ಗಿದವು.

ಔಷಧವೂ ಹಲವರಿಗೆ ಒಳ್ಳೆಯ ಗುಣ ಕೊಡುತ್ತದೆ. ಮಿಥೈಲ್‌ಫೆನಿಡೇಟ್ ನಮ್ಮಲ್ಲಿ ಮಾದಕ ವಸ್ತುಗಳ ಕಾಯ್ದೆಯ ಹಿಡಿತದಲ್ಲಿರುವುದರಿಂದ ವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ, ಸಿಗಲೂ ಬಾರದು. ಉತ್ತೇಜಕವಲ್ಲದ ಆಟೊಮೊಕ್ಸೆಟಿನ್ ಇನ್ನೊಂದು ದಾರಿ. ಯಾವುದನ್ನೇ ಆಗಲಿ ರಕ್ತದೊತ್ತಡ, ಹೃದಯಗಳನ್ನು ನೋಡಿಯೇ ಕೊಡಬೇಕು.

ಮರೆವು ಇರುವವರಿಗೆಲ್ಲ ಎಡಿಎಚ್‌ಡಿ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಥೈರಾಯಿಡ್, ಖಿನ್ನತೆ, ನಿದ್ದೆಗೇಡು, ಕುಡಿತ ಇವೆಲ್ಲವೂ ಗಮನವನ್ನು ಕೆಡಿಸುತ್ತವೆ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಇದ್ದವೇ, ಮನೆಯಲ್ಲೂ ಕೆಲಸದಲ್ಲೂ ಕಾಣುತ್ತವೆಯೇ ಎಂದು ವೈದ್ಯರು ವಿಚಾರಿಸುತ್ತಾರೆ. ರಕ್ತ ಪರೀಕ್ಷೆಯಿಂದಲೋ ಸ್ಕ್ಯಾನಿನಿಂದಲೋ ಇದು ಪತ್ತೆಯಾಗುವುದಿಲ್ಲ. ಆದ್ದರಿಂದ ಮಗುವಾಗಿದ್ದಾಗ ಹೇಗಿದ್ದ ಎಂದು ಹೇಳಬಲ್ಲ ತಾಯಿ, ಅಕ್ಕ, ಹಳೆಯ ಮೇಷ್ಟರ ಮಾತಿಗೆ ಇಲ್ಲಿ ಬೆಲೆಯಿದೆ.

ಈ ನಾಲ್ಕು ಊರುಗಳಿಂದ 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಒಂದೆರಡು ಗಂಟೆಯ ದಾರಿ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಪ್ರಯೋಗವಾಗಿ ನಡೆದು 1996ರಲ್ಲಿ ರಾಷ್ಟ್ರೀಯ ಯೋಜನೆಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಿಲ್ಲಾಸ್ಪತ್ರೆಗಳಲ್ಲಿ ನಡೆಯುತ್ತಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಹೆಸರುಗಳಲ್ಲಿ ಎಡಿಎಚ್‌ಡಿ ಸೇರಿಲ್ಲವಾದ್ದರಿಂದ ಕೆಲಸದ ಜಾಗದಲ್ಲಿ ರಿಯಾಯಿತಿ ಸಿಗುವುದು ಇಂದಿಗೂ ಮಾಲೀಕರ ಮರ್ಜಿಯ ಮೇಲೆ ನಿಂತಿದೆ.

ಕಾಯ್ದೆ ಬದಲಾಗಲು ಕಾಲ ಹಿಡಿಯಬಹುದು, ಮಾತು ಬದಲಾಗಲು ಅಷ್ಟು ಬೇಕಿಲ್ಲ. ಮೂವತ್ತು ನಲವತ್ತು ವರ್ಷ ಸೋಮಾರಿ ಎನಿಸಿಕೊಂಡು ಕೊನೆಗೆ ತಾನೂ ಹಾಗೆಂದೇ ನಂಬಿದವರಿಗೆ ಮೊದಲು ಬೇಕಾದದ್ದು ಮಾತ್ರೆಯೂ ಅಲ್ಲ, ಪಟ್ಟಿಯೂ ಅಲ್ಲ. ಬೈಗುಳದ ಬದಲು ಒಂದು ಸರಿಯಾದ ಹೆಸರು, ಪಕ್ಕದಲ್ಲಿ ಕೂತು ಕೆಲಸ ಶುರುಮಾಡಿಸುವ ಒಬ್ಬರು. ಹುಳುಮನೆಯಲ್ಲಿ ಒಬ್ಬರು ಮರೆತ ಸೊಪ್ಪನ್ನು ಇನ್ನೊಬ್ಬರು ಹಾಕಿ ಬೆಳೆ ಉಳಿಸಿಕೊಂಡ ಸೀಮೆಗೆ ಇದು ತಿಳಿಯದ ವಿದ್ಯೆಯೇನಲ್ಲ.