ಸ್ಥಿರೀಕೃತ ಮಣ್ಣಿನ ಇಟ್ಟಿಗೆ

ಜರಡಿ ಹಿಡಿದ ಮಣ್ಣಿಗೆ ಸ್ವಲ್ಪ ಸಿಮೆಂಟನ್ನೋ ಸುಣ್ಣವನ್ನೋ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಬಳಸುವ ಇಟ್ಟಿಗೆ. ಗಾರೆ ಕೆಲಸದವರ ಬಾಯಲ್ಲಿ ಇದು ‘ಮಡ್ ಬ್ಲಾಕ್’. ಕರ್ನಾಟಕದಲ್ಲಿ ಪರಿಸರಸ್ನೇಹಿ ಕಟ್ಟಡಗಳ ಮಾತು ಬಂದಲ್ಲೆಲ್ಲ ಇದರ ಹೆಸರು ಬರುತ್ತದೆ. ಇದನ್ನು ಇಲ್ಲಿ ಬೆಳೆಸಿದವರಲ್ಲಿ ಮುಂದಿದ್ದವರು ವಾಸ್ತುಶಿಲ್ಪಿಗಳಲ್ಲ, ಎಂಜಿನಿಯರುಗಳು.

ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಅಸ್ತ್ರದಲ್ಲಿ ಮಣ್ಣಿನ ಇಟ್ಟಿಗೆಯನ್ನು ಪರೀಕ್ಷೆಗೊಡ್ಡಿ ಹದಕ್ಕೆ ತಂದರು. ಇಂಥ ಸಾಮಗ್ರಿಗಳಿಂದ ಕಟ್ಟಡವೊಂದಕ್ಕೆ ತಗಲುವ ಶಕ್ತಿಯನ್ನು ಅರ್ಧದಷ್ಟು ಇಳಿಸಬಹುದೆಂದು ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ ಅವರ 2003ರ ಲೇಖನ ತೋರಿಸಿತು. ಇಟ್ಟಿಗೆ ಸುಡುವ ಗೂಡಿಗೆ ಕಟ್ಟಿಗೆ ಹಾಕುವ ಪ್ರಮೇಯವೇ ಇಲ್ಲವಲ್ಲ.

ಸಿಮೆಂಟು ಸಾಮಾನ್ಯವಾಗಿ ಶೇ 6ರಿಂದ 8. ನೀರಿನ ಹದ ನೋಡುವುದು ಕೈಯಲ್ಲೇ: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಮೆತ್ತಬಾರದು, ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕಾರು ಚೂರಾಗಬೇಕು. ಪುಡಿಪುಡಿಯಾದರೆ ನೀರು ಸಾಲದು, ಒಡೆಯದೆ ಚಪ್ಪಟೆಯಾದರೆ ಹೆಚ್ಚಾಯಿತು. ಒತ್ತಿದ ಇಟ್ಟಿಗೆಯನ್ನು ಪೇರಿಸಿ, ಹುಲ್ಲು ಹೊದಿಸಿ, ಮೂರ್ನಾಲ್ಕು ವಾರ ನೀರುಣಿಸುತ್ತಾರೆ.

ಎಲ್ಲ ಮಣ್ಣೂ ಒಗ್ಗುವುದಿಲ್ಲ. ಮರಳು ಬೆರೆತ ಕೆಮ್ಮಣ್ಣಿಗೆ ಸಿಮೆಂಟು ಸಾಕು. ನೀರು ಕುಡಿದು ಉಬ್ಬುವ, ಒಣಗಿದರೆ ಬಿರುಕು ಬಿಡುವ ಎರೆಮಣ್ಣಿಗೆ ಮರಳೂ ಸುಣ್ಣವೂ ಬೇಕು. ಉದಾಹರಣೆಗೆ, ದಾವಣಗೆರೆ ಜಿಲ್ಲೆಯಲ್ಲಿ ಎರಡೂ ಬಗೆಯ ನೆಲವಿದೆ. ಹಾಗಾಗಿ ಅಲ್ಲಿನ ಗೋವಿನಕೋವಿಯಲ್ಲಾಗಲಿ ಜಗಳೂರಿನಲ್ಲಾಗಲಿ ಮಣ್ಣು ಪರೀಕ್ಷಿಸದೆ ಬೇರೆ ಊರಿನ ಅಳತೆಯನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ.

ವಾಸ್ತುಶಿಲ್ಪಿಯ ಕೆಲಸ ಶುರುವಾಗುವುದು ಇಲ್ಲಿ. ಬೆಂಗಳೂರಿನ ಚಿತ್ರಾ ವಿಶ್ವನಾಥ್ ತಮ್ಮ ಕಟ್ಟಡಗಳಲ್ಲಿ ನೆಲಮಾಳಿಗೆಗೆಂದು ಅಗೆದ ಮಣ್ಣನ್ನೇ ಇಟ್ಟಿಗೆ ಮಾಡಿಸಿ ಮೇಲಿನ ಗೋಡೆಗೆ ಬಳಸಿದರು; ಮಣ್ಣು ಹೊರಸಾಗಿಸುವ, ಇಟ್ಟಿಗೆ ತರಿಸುವ ಲಾರಿ ಬಾಡಿಗೆ ಎರಡೂ ಉಳಿಯಿತು. ನಗರದ ಸಿರಿವಂತರ ಮನೆಗಳಲ್ಲಿ ಹೀಗೆ ಮಾನ ಬಂದ ಮಣ್ಣಿಗೆ ಹಳ್ಳಿಯಲ್ಲಿ ಇನ್ನೂ ಬಡತನದ ಗುರುತು ಅಂಟಿಕೊಂಡಿದೆ. ಮಣ್ಣಿನ ಬಗ್ಗೆ ಹಳ್ಳಿಯವರಿಗಿರುವ ಈ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಜಡಿಮಳೆಗೆ ಹಸಿಮಣ್ಣಿನ ಗೋಡೆ ಕುಸಿದದ್ದನ್ನು ಕಂಡವರು ಅವರು. ಎತ್ತರದ ಕಲ್ಲಿನ ತಳಪಾಯ, ಗೋಡೆಯಿಂದಾಚೆ ಚಾಚಿದ ಸೂರು, ನೀರು ನಿಲ್ಲದ ಅಂಗಳ ಇವಿಷ್ಟನ್ನು ನಕ್ಷೆಯಲ್ಲಿ ಬರೆದರೆ ಸಾಲದು. ಊರಿನ ಗಾರೆಯವನ ಜೊತೆ ನಿಂತು ಮೊದಲ ವರಸೆ ಕಟ್ಟಿಸಬೇಕಾಗುತ್ತದೆ.