ಕಿಡಿಗೆ ಸಿಗುವ ಮೂರು ಮಿಲಿಸೆಕೆಂಡು

ಇಗ್ನಿಷನ್ ಕಾಯಿಲ್‌ನ ಚರಿತ್ರೆಯನ್ನು ಕಿಡಿ ವರ್ಷದಿಂದ ವರ್ಷಕ್ಕೆ ಬಲಗೊಂಡ ಕಥೆಯಾಗಿ ಹೇಳುವುದು ರೂಢಿ. ಆದರೆ ಪ್ಲಗ್ಗಿನ ಸಂದಿಗೆ ಬೇಕಾದ 15-30 ಸಾವಿರ ವೋಲ್ಟ್ ಎಬ್ಬಿಸುವುದು ಕಷ್ಟವಾಗಿರಲಿಲ್ಲ. ಪ್ರೈಮರಿ ತಂತಿಯ ಒಂದು ಸುತ್ತಿಗೆ ಸೆಕೆಂಡರಿ ತಂತಿಯಲ್ಲಿ ಸುಮಾರು ನೂರು ಸುತ್ತು ಹಾಕಿದರೆ ಆಯಿತು. ನಿಜವಾದ ತೊಡಕು ಎರಡು: ಕಾಯಿಲ್ ಶಕ್ತಿ ತುಂಬಿಕೊಳ್ಳಲು ಸಿಗುವ ಸಮಯ, ತುಂಬುವಾಗ ಹುಟ್ಟುವ ಬಿಸಿ. ಒಂದನ್ನು ಗಳಿಸಲು ಇನ್ನೊಂದನ್ನು ಬಿಡಬೇಕಾದ ಕೊಡು-ಕೊಳ್ಳುವಿಕೆ ಉಕ್ಕಿನಲ್ಲೇ ಶುರುವಾಗುತ್ತದೆ. ಕಾಯಿಲ್‌ನ ತಿರುಳು ಸುಮಾರು ಶೇಕಡಾ 3ರಷ್ಟು ಸಿಲಿಕಾನ್ ಬೆರೆತ ಉಕ್ಕಿನ ತೆಳು ಹಾಳೆಗಳ ಕಟ್ಟು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮುಂದೆ ತಯಾರಿಸಿದ ಫೆರೋಸಿಲಿಕಾನ್ ಉಕ್ಕಿಗೆ ಇಂಥ ಸಿಲಿಕಾನ್ ಬೆರೆಸುವ ಸಾಮಗ್ರಿಯೇ. ಸಿಲಿಕಾನ್ ಹೆಚ್ಚಿದಂತೆ ತಿರುಳು ಬಿಸಿಯಾಗುವುದು ತಗ್ಗುತ್ತದೆ. ಜೊತೆಗೆ ಅದು ಹಿಡಿದಿಡಬಲ್ಲ ಕಾಂತೀಯತೆಯೂ ಕೊಂಚ ತಗ್ಗುತ್ತದೆ, ಹಾಳೆ ಪೆಡಸಾಗುತ್ತದೆ.

ಇನ್ನು ಸಮಯದ ತೊಡಕು. ಅಮೆರಿಕದ ಎಂಜಿನಿಯರ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದರಲ್ಲಿ ಮುಚ್ಚಿ ತೆರೆದು ಕಾಯಿಲ್‌ನ ಕರೆಂಟನ್ನು ಹರಿಸಿ ಕಡಿಯುವ ಪಾಯಿಂಟು ಸುಟ್ಟುಹೋಗದೆ ತಾಳಬಲ್ಲ ಕರೆಂಟು ಸುಮಾರು 4 ಆಂಪಿಯರ್. ಲೆಕ್ಕಕ್ಕೆ 9 ಮಿಲಿಹೆನ್ರಿ, 3 ಓಮ್‌ನ ಕಾಯಿಲ್ ಒಂದನ್ನು 12 ವೋಲ್ಟಿಗೆ ಹಾಕಿದರೆ ಅದು ಪೂರ್ತಿ 72 ಮಿಲಿಜೂಲ್ ತುಂಬಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಎರಡು ಕಿಡಿಗಳ ನಡುವಿನ ಅವಧಿ 5 ಮಿಲಿಸೆಕೆಂಡು, ಪಾಯಿಂಟು ಮುಚ್ಚಿರುವುದು ಹೆಚ್ಚುಕಡಿಮೆ 3. ಅಷ್ಟರಲ್ಲಿ ಕರೆಂಟು ಏರುವುದು ಎರಡೂವರೆ ಆಂಪಿಯರಿಗೆ. ಶಕ್ತಿ 29 ಮಿಲಿಜೂಲಿಗೆ ಕುಸಿಯುತ್ತದೆ. ಟ್ರಾನ್ಸಿಸ್ಟರು ಈ ಗಂಟು ಬಿಡಿಸಿತು: 3 ಮಿಲಿಹೆನ್ರಿಯ ಕಾಯಿಲ್‌ಗೆ 7 ಆಂಪಿಯರ್ ಹರಿಸಿದರೆ ಅದೇ 72ರ ಆಸುಪಾಸಿನ ಶಕ್ತಿ ಸುಮಾರು ಎರಡು ಮಿಲಿಸೆಕೆಂಡಿನಲ್ಲೇ ಸಿಗುತ್ತದೆ. ಬದಲಿಗೆ ಕರೆಂಟನ್ನು ಸಕಾಲಕ್ಕೆ ಕಡಿಯುವ ನಿಯಂತ್ರಣ ಬೇಕು. ಅದು ತಪ್ಪಿದರೆ ಕಾಯಿಲ್ ಸುಡುತ್ತದೆ.

ಹಾಗಾದರೆ ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಎಲ್ಲವನ್ನೂ ಪರಿಹರಿಸಲಿಲ್ಲವೇ ಎಂದು ಕೇಳಬಹುದು. ಕೆಪಾಸಿಟರಿನಲ್ಲಿ 200-400 ವೋಲ್ಟ್ ಕೂಡಿಟ್ಟು ಒಮ್ಮೆಲೇ ಸುರಿಯುವ ಈ ಪದ್ಧತಿಯಲ್ಲಿ ವೋಲ್ಟೇಜು ಥಟ್ಟನೆ ಏರುವುದರಿಂದ ಎಣ್ಣೆಮಸಿ ಹಿಡಿದ ಟೂ-ಸ್ಟ್ರೋಕ್ ಪ್ಲಗ್ಗಿನಲ್ಲೂ ಕಿಡಿ ಹಾರುತ್ತದೆ. ಆದರೆ ಆ ಕಿಡಿ ಬದುಕುವುದು ಮಿಲಿಸೆಕೆಂಡಿನ ಒಂದು ಚೂರು ಮಾತ್ರ. ಪೆಟ್ರೋಲು ತೆಳುವಾದ ಮಿಶ್ರಣಕ್ಕೆ ಬೆಂಕಿ ಹಿಡಿಸಲು ಒಂದೆರಡು ಮಿಲಿಸೆಕೆಂಡು ನಿಲ್ಲುವ ಕಿಡಿ ಮೇಲು. 2020ರ ಏಪ್ರಿಲಿನಲ್ಲಿ ಬಿಎಸ್-6 ಹೊಗೆ ನಿಯಮ ಬಂದು ಬೈಕುಗಳಲ್ಲಿ ಇಂಧನ ಇಂಜೆಕ್ಷನ್ ಹರಡಿದ ಮೇಲೆ ಟ್ರಾನ್ಸಿಸ್ಟರ್ ಆಳುವ ಕಾಯಿಲ್‌ಗೆ ಮತ್ತೆ ಮನ್ನಣೆ ಸಿಕ್ಕಿದ್ದರ ಹಿಂದೆ ಈ ಕಾರಣವೂ ಇದೆ.

ಪ್ಲಗ್ಗಿನ ತಲೆಯ ಮೇಲೇ ಕೂರುವ ಕಾಯಿಲ್ ಶಿವಮೊಗ್ಗದ ಮಳೆಗೆ ಒಪ್ಪುವಂಥದ್ದು, ನಿಜ. ಒದ್ದೆ ವಯರಿನ ಮೈಮೇಲೆ ವಿದ್ಯುತ್ ಸೋರುವ ಕಾಟ ಅದಕ್ಕಿಲ್ಲ. ಆದರೆ ಅದು ಎಂಜಿನ್ನಿನ ತುಂಬ ಬಿಸಿಯ ಜಾಗದಲ್ಲಿ ಕೂರುತ್ತದೆ. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಬೈಕಿನ ಪಾಯಿಂಟನ್ನು ಉಜ್ಜಿ ಸರಿಪಡಿಸಬಹುದಿತ್ತು. ಎಪಾಕ್ಸಿಯಲ್ಲಿ ಹುದುಗಿದ ಕಾಯಿಲ್ ಕೆಟ್ಟರೆ ಬದಲಿಸಲೇಬೇಕು. ಹಳೆಯದೇ ಲೇಸು ಎಂಬುದು ಇದರ ಅರ್ಥವಲ್ಲ, ಹೊಗೆ ಮತ್ತು ಇಂಧನದ ಲೆಕ್ಕದಲ್ಲಿ ಹೊಸದೇ ಮುಂದೆ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ಕಿಲೋವೋಲ್ಟ್ ನೋಡಿ ಕಾಯಿಲ್ ಆರಿಸುವುದು ತಪ್ಪು. ಎಷ್ಟು ಸಮಯದಲ್ಲಿ ಎಷ್ಟು ಶಕ್ತಿ ತುಂಬುತ್ತದೆ, ಉಳಿದ ಬಿಸಿ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ನಮ್ಮ ಐಟಿಐಗಳು ಮೊದಲ ಪಾಠವಾಗಿ ಕಲಿಸಬೇಕು.