400 ಗಜದ ದೂರ, 40 ಬಿಟ್ ವೇಗ
ಕಂಪ್ಯೂಟರಿನ ಒಳಗೂ ಹೊರಗೂ ಓಡಾಡೋ ಪ್ಯಾಕೆಟ್‌ಗಳನ್ನ ಹಿಡಿದು ನೋಡೋ ಟೂಲ್‌ಗಳು ಬಂದದ್ದು ಹೇಗೆ? ಇವತ್ತು ಆ ಕಥೆ.

1986ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಬರೀ 400 ಗಜ. ಅಲ್ಲಿ ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40ಕ್ಕೆ ಕುಸಿಯಿತು. ಕಾರಣ ದಟ್ಟಣೆ. ಉತ್ತರ ತಡವಾದರೆ ಕಂಪ್ಯೂಟರುಗಳು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸಿ, ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದವು.

ವ್ಯಾನ್ ಜೇಕಬ್‌ಸನ್ 1988ರಲ್ಲಿ ಮದ್ದು ಬರೆದರು: ನಿಧಾನವಾಗಿ ಶುರುಮಾಡು, ಪ್ಯಾಕೆಟ್ ಕಳೆದುಹೋದರೆ ವೇಗ ತಗ್ಗಿಸು. ಟಿಸಿಪಿಯನ್ನು ಸುಧಾರಿಸುವ ಇದೇ ಸಂಶೋಧನೆಯಲ್ಲಿ, ಕ್ರೇಗ್ ಲೆರೆಸ್ ಮತ್ತು ಸ್ಟೀವನ್ ಮೆಕ್ಯಾನ್ ಜೊತೆ ಅವರು ಕಟ್ಟಿದ್ದು ಟಿಸಿಪಿಡಂಪ್. ಬೇಕಾದ ಪ್ಯಾಕೆಟ್ಟನ್ನಷ್ಟೇ ಕರ್ನಲ್‌ನಲ್ಲೇ ಸೋಸಿ ಕೊಡುವ ಬಿಪಿಎಫ್ ಬಗ್ಗೆ 1993ರಲ್ಲಿ ಪ್ರಬಂಧ ಬಂತು. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಈಥಿರಿಯಲ್ ಬಿಡುಗಡೆ ಮಾಡಿದರು. 2006ರಲ್ಲಿ ಅದರ ಹೆಸರು ವೈರ್‌ಶಾರ್ಕ್ ಆಯ್ತು.

ನನಗೆ ಇದರ ಬೆಲೆ ಗೊತ್ತಾಗಿದ್ದು ತಡವಾಗಿ. ಒಂದೇ ಲ್ಯಾಪ್‌ಟಾಪಿನ ಎರಡು ಪ್ರೋಗ್ರಾಂಗಳು ಮಾತಾಡ್ತಿರಲಿಲ್ಲ. ಅರ್ಧ ದಿನ ಬರೀ ಊಹೆ ಮಾಡ್ದೆ. ಕೊನೆಗೆ ವೈಫೈ ಮೇಲೆ ವೈರ್‌ಶಾರ್ಕ್ ಹಾಕಿದ್ರೆ ಅವುಗಳ ಒಂದು ಪ್ಯಾಕೆಟ್ಟೂ ಕಾಣಲಿಲ್ಲ! ಯಾಕಂದ್ರೆ 127.0.0.1ಕ್ಕೆ ಹೋಗುವ ಪ್ಯಾಕೆಟ್ ನೆಟ್‌ವರ್ಕ್ ಕಾರ್ಡನ್ನು ಮುಟ್ಟುವುದೇ ಇಲ್ಲ, ಲೂಪ್‌ಬ್ಯಾಕ್‌ನಲ್ಲಿ ಹುಡುಕಬೇಕು. ಅಲ್ಲಿ ನೋಡಿದೆ: ಪ್ರತಿ ಕರೆಗೂ ತಕ್ಷಣ ರೀಸೆಟ್. ಪೋರ್ಟ್ ನಂಬರೇ ತಪ್ಪು ಕೊಟ್ಟಿದ್ದೆ. ಸರಿಮಾಡೋಕೆ ಎರಡೇ ನಿಮಿಷ.

ನೀವೂ ಮಾಡಿ ನೋಡಿ. ಆದ್ರೆ ನಿಮ್ಮ ಸ್ವಂತ ಯಂತ್ರದ ಟ್ರಾಫಿಕ್ ಮಾತ್ರ, ಪಕ್ಕದವರದ್ದಲ್ಲ.